ನಿಮಗಿದು ಗೊತ್ತೇ? ವಾಗದರಿಯಿಂದ ಟೋಕಿಯೋವರೆಗೆ ಇಪ್ಪತ್ತಾರು ಅಕ್ಷರಗಳ ಓಟ!

ವಾಗದರಿ ಗೊತ್ತಲ್ಲ? ಸೊಲ್ಲಾಪುರ ಜಿಲ್ಲೆ, ಅಕ್ಕಲಕೋಟ ತಾಲ್ಲೂಕು. ಅಕ್ಕಲಕೋಟದಿಂದ ಆಳಂದದ ಕಡೆ ಹೊರಟರೆ ಕರ್ನಾಟಕದ ಗಡಿಗೆ ಅಂಟಿಕೊಂಡಂತೆ ಸಿಗುವ ಊರು. ಎಲ್ಲಿ, ಈ ಊರಿನ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಿರಿ ನೋಡೋಣ. ಮೊದಲ ಅಕ್ಷರ 'ವಿ' ಹಾಕಿದಿರಾ, 'ಡಬ್ಲ್ಯೂ' ಹಾಕಿದಿರಾ? ಎರಡೂ ಚಾಲ್ತಿಯಲ್ಲಿವೆ! ಕನ್ನಡದಲ್ಲಿ ಒಂದೇ 'ವಾ', ಮರಾಠಿಯಲ್ಲೂ ಒಂದೇ 'ವಾ'. ಇಂಗ್ಲಿಷಿಗೆ ಬಂದ ಕೂಡಲೇ ಒಂದೂರಿಗೆ ಎರಡು ಹೆಸರು!

ಅಂದಹಾಗೆ, ಕರ್ನಾಟಕದ ರಾಜ್ಯ ಹೆದ್ದಾರಿ 10ರ ಹೆಸರು ಕೇಳಿದ್ದೀರಾ? ವಾಗದರಿ–ರಿಬ್ಬನಪಲ್ಲಿ ರಸ್ತೆ! ಆಳಂದ, ಕಲಬುರಗಿ, ಸೇಡಂ ದಾಟಿ ತೆಲಂಗಾಣದ ಅಂಚಿಗೆ ಮುಟ್ಟುತ್ತದೆ. ರಸ್ತೆ ಕರ್ನಾಟಕದ್ದು, ಹೆಸರು ಮಹಾರಾಷ್ಟ್ರದ ಊರಿನದು!

ಜಿಲ್ಲೆಯ ಹೆಸರಿನ ಕಥೆಯೂ ಇಂಥದ್ದೇ. ಬ್ರಿಟಿಷರ ಕಾಗದಪತ್ರ ತೆರೆದರೆ 'ಎಸ್' ಪಕ್ಕದಲ್ಲಿ ಒಂದು 'ಎಚ್' ಕೂತಿರುತ್ತದೆ. ಓದಿದರೆ 'ಶೋಲಾಪುರ'. ಈಗಿನ ಬೋರ್ಡುಗಳಲ್ಲಿ ಆ 'ಎಚ್' ಇಲ್ಲ. ಒಂದೇ ಒಂದು ಅಕ್ಷರ ಬಂತು, ಹೋಯಿತು. ಊರಿನ ಸದ್ದೇ ಬದಲಾಯಿತು!

ಇದೇ 'ಎಸ್'–'ಎಚ್' ಜಗಳ ಜಪಾನಿನಲ್ಲೂ ಇದೆ ಅಂದರೆ ನಂಬುತ್ತೀರಾ? ಅಲ್ಲಿನ 'ಶಿ' ಅಕ್ಷರವನ್ನು ಒಂದು ಪದ್ಧತಿ 'ಎಸ್-ಎಚ್-ಐ' ಎಂದು ಬರೆಯುತ್ತದೆ. ಇನ್ನೊಂದು ಪದ್ಧತಿ 'ಎಚ್' ಬೇಡವೇ ಬೇಡ, 'ಎಸ್-ಐ' ಸಾಕು ಎನ್ನುತ್ತದೆ. ಫುಜಿ ಬೆಟ್ಟದ ಪಾಡು ಇನ್ನೂ ಸೊಗಸು. ಎರಡನೆಯ ಪದ್ಧತಿಯಲ್ಲಿ ಅದು 'ಎಚ್-ಯು-ಝಡ್-ಐ'. ನಾವು ಓದಿದರೆ 'ಹುಝಿ'! ಅದೇ ಬೆಟ್ಟ, ಅದೇ ಹಿಮ!

ಮೊದಲನೆಯ ಪದ್ಧತಿಗೆ ಹೆಸರು ಕೊಟ್ಟವರು ಒಬ್ಬ ಡಾಕ್ಟರು. ಅಮೆರಿಕದ ಜೇಮ್ಸ್ ಕರ್ಟಿಸ್ ಹೆಪ್ಬರ್ನ್. ಜಪಾನಿಗೆ ಹೋಗಿ ರೋಗಿಗಳನ್ನು ನೋಡುತ್ತಲೇ ಜಪಾನಿ–ಇಂಗ್ಲಿಷ್ ನಿಘಂಟನ್ನೂ ಬರೆದರು. ಅದು 1867ರಲ್ಲಿ ಬಂತು. ಜಪಾನಿನ ಪಾಸ್‌ಪೋರ್ಟು, ರೈಲು ನಿಲ್ದಾಣದ ಬೋರ್ಡು, ಎಲ್ಲದರಲ್ಲೂ ಇಂದು ಕಾಣುವುದು ಅವರದೇ ಪದ್ಧತಿ!

ಆದರೆ ಸರ್ಕಾರ 1937ರಲ್ಲಿ ಅಧಿಕೃತ ಅಂತ ಮೊಹರು ಒತ್ತಿದ್ದು ಎರಡನೆಯದಕ್ಕೆ. ಶಾಲೆಯ ಮಕ್ಕಳು ಕಲಿತಿದ್ದೂ ಅದನ್ನೇ. ಶಾಲೆಯಲ್ಲಿ ಒಂದು, ಸ್ಟೇಷನ್ನಿನಲ್ಲಿ ಇನ್ನೊಂದು! ಕೊನೆಗೆ 2025ರಲ್ಲಿ ಸರ್ಕಾರದ ಸಲಹಾ ಮಂಡಳಿಯೇ 'ಹೆಪ್ಬರ್ನ್ ದಾರಿಯೇ ಇರಲಿ' ಎಂದು ಶಿಫಾರಸು ಮಾಡಿತು. ಡಾಕ್ಟರು ಗೆಲ್ಲಲು ಒಂದೂವರೆ ಶತಮಾನ ಬೇಕಾಯಿತು!

ಜಪಾನಿ ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ, ಅಂದರೆ ರೋಮನ್ ಲಿಪಿಯಲ್ಲಿ, ಮೊದಲು ಅಚ್ಚು ಹಾಕಿದ್ದು ಯಾವಾಗ ಗೊತ್ತೇ? 1591ರಲ್ಲಿ! ಜೆಸ್ಯುಯಿಟ್ ಪಾದ್ರಿಗಳು ಯುರೋಪಿನಿಂದ ಮುದ್ರಣ ಯಂತ್ರ ತಂದು ಕೆಲಸ ಶುರು ಮಾಡಿದರು. ಈಸೋಪನ ನೀತಿಕಥೆಗಳು 1593ರಲ್ಲಿ ಜಪಾನಿ ಮಾತಿನಲ್ಲಿ, ರೋಮನ್ ಲಿಪಿಯಲ್ಲಿ ಹೊರಬಂದವು. ಮುದುಕ ಸಿಂಹ, ಜಾಣ ನರಿ ಎಲ್ಲ ಜಪಾನಿ ಆಡುತ್ತಿವೆ, ಅಕ್ಷರ ಮಾತ್ರ ಯುರೋಪಿನದು!

ಇದರಲ್ಲಿ ನಾನು ತುಂಬ ಇಷ್ಟಪಡುವ ಸಂಗತಿ ಈಗ ಬಂತು. ಆ ಯಂತ್ರ ಜಪಾನಿಗೆ ಹೋಗಿದ್ದು ಯಾವ ದಾರಿಯಲ್ಲಿ? ಗೋವಾ ಮೇಲಿಂದ! ಯುರೋಪು ನೋಡಿ ಊರಿಗೆ ಮರಳುತ್ತಿದ್ದ ಜಪಾನಿ ಹುಡುಗರ ತಂಡ ಗೋವೆಯಲ್ಲಿ ತಂಗಿತ್ತು. ಅವರಲ್ಲೊಬ್ಬ ಮಾರ್ತಿನೋ ಹಾರಾ. ಅವನು ಲ್ಯಾಟಿನ್ ಭಾಷೆಯಲ್ಲಿ ಮಾಡಿದ ಭಾಷಣವನ್ನು 1588ರಲ್ಲಿ ಗೋವೆಯಲ್ಲೇ ಅಚ್ಚು ಹಾಕಿದರು. ಜಪಾನಿ ಹುಡುಗನ ಮಾತು ಪುಸ್ತಕವಾಗಿದ್ದು ನಮ್ಮ ಪಶ್ಚಿಮ ಕರಾವಳಿಯಲ್ಲಿ!

ಗೋವೆಯ ಅಚ್ಚಿನ ಮನೆಗೆ ಇನ್ನೊಂದು ಹೆಮ್ಮೆಯಿದೆ. ಭಾರತಕ್ಕೆ ಮೊಟ್ಟಮೊದಲು ಮುದ್ರಣ ಯಂತ್ರ ಬಂದಿಳಿದದ್ದು ಅಲ್ಲಿಗೇ, 1556ರಲ್ಲಿ. ಇಂಗ್ಲೆಂಡಿನಿಂದ ಬಂದ ಥಾಮಸ್ ಸ್ಟೀಫನ್ಸ್ ಎಂಬ ಪಾದ್ರಿ ಮರಾಠಿ ಕಲಿತು 'ಕ್ರಿಸ್ತಪುರಾಣ' ಬರೆದರು. ಸುಮಾರು 11 ಸಾವಿರ ಓವಿಗಳು! 1616ರಲ್ಲಿ ರಾಶೋಲ್ ಎಂಬಲ್ಲಿ ಅಚ್ಚಾಯಿತು. ಯಾವ ಲಿಪಿಯಲ್ಲಿ? ರೋಮನ್ ಲಿಪಿಯಲ್ಲಿ! ದೇವನಾಗರಿಯ ಅಚ್ಚಿನ ಮೊಳೆಗಳು ಅಲ್ಲಿ ಇರಲಿಲ್ಲ. ಮರಾಠಿಯನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವುದು ವಾಟ್ಸಾಪ್ ಕಾಲದ ಚಾಳಿ ಅಂದುಕೊಂಡಿದ್ದಿರಾ? ನಾನೂರು ವರ್ಷ ಹಳೆಯದು!

ಅದೇ ಸ್ಟೀಫನ್ಸ್ ಬರೆದ ವ್ಯಾಕರಣ 1640ರಲ್ಲಿ ಬಂತು. ಹೊದಿಕೆಯ ಮೇಲೆ 'ಕಾನಾರಿಂ' ಭಾಷೆಯ ವ್ಯಾಕರಣ ಎಂದಿದೆ. ಕನ್ನಡ ಇರಬೇಕು ಅಂತ ಒಳಗೆ ನೋಡಿದರೆ, ಅಲ್ಲಿರುವುದು ಕೊಂಕಣಿ!

ಕೊಂಕಣಿಯ ಮಾತು ಬಂತು, ಕೇಳಿ. ಗೋವೆಯ ಅನೇಕರು ಅದನ್ನು ಇಂದಿಗೂ ರೋಮನ್ ಲಿಪಿಯಲ್ಲಿ ಬರೆಯುತ್ತಾರೆ. ಮಂಗಳೂರಿನವರು ಕನ್ನಡ ಲಿಪಿಯಲ್ಲಿ. ದೇವನಾಗರಿ, ಮಲಯಾಳಂ, ಅರಬಿ ಲಿಪಿಗಳಲ್ಲೂ ಅದನ್ನು ಬರೆದಿದ್ದಾರೆ. ಒಂದು ಭಾಷೆ, ಐದು ಉಡುಗೆ!

ಕನ್ನಡವೂ ರೋಮನ್ ಲಿಪಿ ತೊಟ್ಟು ಬಹಳ ಕಾಲವಾಯಿತು. ಬಿ.ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ' ನೋಡಿದ್ದೀರಾ? 1886ರಲ್ಲಿ ಕೊಡಗಿನ ಶಾಸನಗಳಿಂದ ಶುರುವಾದ ಸಂಪುಟಗಳು. ಕಲ್ಲಿನ ಮೇಲಿದ್ದ ಹಳಗನ್ನಡವನ್ನು ಕನ್ನಡದಲ್ಲೂ ಕೊಟ್ಟರು, ಇಂಗ್ಲಿಷ್ ಅಕ್ಷರದಲ್ಲೂ ಕೊಟ್ಟರು. ವೀರಗಲ್ಲಿನ ಸಾಲು ಎ-ಬಿ-ಸಿ-ಡಿ ವೇಷದಲ್ಲಿ!

1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಿಂದ ಹೊರಬಂದ ಕಿಟ್ಟೆಲ್ ನಿಘಂಟಿನಲ್ಲಿ ಸುಮಾರು 70 ಸಾವಿರ ಪದಗಳು. ಕನ್ನಡ ಪದದ ಬೆನ್ನಿಗೇ ರೋಮನ್ ರೂಪ. 'ಳ' ಬಂದರೆ 'ಎಲ್' ಕೆಳಗೊಂದು ಚುಕ್ಕಿ, 'ಣ' ಬಂದರೆ 'ಎನ್' ಕೆಳಗೊಂದು ಚುಕ್ಕಿ. ಉಚ್ಚಾರ ಒಂದಿಷ್ಟೂ ತಪ್ಪಬಾರದು ಅಂತ ಚುಕ್ಕಿಯ ಮೇಲೆ ಚುಕ್ಕಿ ಇಟ್ಟು ಕಾಯ್ದ ಆ ಶ್ರದ್ಧೆ ನೋಡಿ!

ಆ ಚುಕ್ಕಿ ಬಿಟ್ಟರೆ ಏನಾಗುತ್ತದೆ? ಮೊಬೈಲಿನಲ್ಲಿ 'ನಮ್ಮ ಹಳ್ಳಿ ಭಾಳ ಚಂದ ಅದ' ಅಂತ ಇಂಗ್ಲಿಷ್ ಅಕ್ಷರದಲ್ಲಿ ಕಳಿಸಿ. ಓದುವವರಿಗೆ 'ಹಳ್ಳಿ'ಯೂ ಆಗಬಹುದು, ಗೋಡೆಯ ಮೇಲಿನ 'ಹಲ್ಲಿ'ಯೂ ಆಗಬಹುದು! 'ಕಲ್ಲು' ಮತ್ತು 'ಕಳ್ಳು' ಒಂದೇ. 'ಮೊಲ' ಮತ್ತು 'ಮೊಳ' ಒಂದೇ. 'ಬಲೆ', 'ಬಳೆ', 'ಬಾಳೆ' ಮೂರೂ ಸೇರಿ ಒಂದೇ ನಾಲ್ಕಕ್ಷರ! ಅಕ್ಕ ಬಳೆ ತಾ ಅಂತ ಸಂದೇಶ ಕಳಿಸಿದರೆ ತಮ್ಮ ಬಾಳೆಹಣ್ಣು ತಂದರೆ ತಪ್ಪು ಯಾರದು?

ಜಪಾನಿಗೂ ಇದೇ ಗಂಡಾಂತರ. 'ಕಿನೆನ್' ಅಂದರೆ ನೆನಪಿನ ಸಂಕೇತ, ಸ್ಮರಣೆ. 'ಕಿನ್-ಎನ್' ಅಂದರೆ ಧೂಮಪಾನ ನಿಷೇಧ. ಇಂಗ್ಲಿಷ್ ಅಕ್ಷರದಲ್ಲಿ ನಡುವೆ ಒಂದು ಸಣ್ಣ ಮೇಲುಗೆರೆ ಹಾಕದಿದ್ದರೆ ಎರಡೂ ಒಂದೇ. ಸ್ಮಾರಕವೋ, ಸಿಗರೇಟಿಗೆ ತಡೆಯೋ? ಒಂದು ಗೀಟಿನ ಮೇಲೆ ನಿಂತಿದೆ!

ದೀರ್ಘಗಳ ಕಥೆ ಕೇಳಿದರೆ ನೀವು ಎದ್ದು ಕೂರುತ್ತೀರಿ. ಜಪಾನಿನಲ್ಲಿ ಹ್ರಸ್ವ ದೀರ್ಘ ಬದಲಾದರೆ ಅರ್ಥವೇ ಬದಲು, ಥೇಟ್ ನಮ್ಮ ಹಾಗೆ. ಆದರೆ ಸಾಮಾನ್ಯ ಇಂಗ್ಲಿಷ್ ಬರಹದಲ್ಲಿ ದೀರ್ಘಕ್ಕೆ ಗುರುತೇ ಇಲ್ಲ. ಅದಕ್ಕೇ ನಾವೆಲ್ಲ 'ಓಸಾಕಾ' ಅಂತೀವಿ. ಅಲ್ಲಿನವರ ಬಾಯಲ್ಲಿ ಅದು 'ಓಸಕ'. ಮೊದಲನೆಯದು ಮಾತ್ರ ದೀರ್ಘ! 'ಕ್ಯೋತೊ' ನಗರದಲ್ಲಿ ಮೊದಲ 'ಓ' ಉದ್ದ, ಕೊನೆಯ 'ಒ' ಗಿಡ್ಡ. ಇಂಗ್ಲಿಷ್ ಅಕ್ಷರ ಕೈಬಿಟ್ಟದ್ದನ್ನು ನಮ್ಮ ಕನ್ನಡದ ದೀರ್ಘ ಸರಾಗವಾಗಿ ಹಿಡಿದುಕೊಡುತ್ತದೆ. ಜಪಾನಿ ಬರೆಯಲು ಇಂಗ್ಲಿಷಿಗಿಂತ ಕನ್ನಡ ಲಿಪಿಯೇ ವಾಸಿ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ!

ಹಾಗಿದ್ದರೆ ಜಪಾನಿನ ಅಕ್ಷರಮಾಲೆ ಹೇಗಿದೆ ಗೊತ್ತೇ? ಸ್ವರಗಳು: ಅ, ಇ, ಉ, ಎ, ಒ. ಆಮೇಲೆ ಸಾಲುಗಳು: ಕ, ಸ, ತ, ನ, ಹ, ಮ, ಯ, ರ, ವ. ಎಲ್ಲೋ ಕೇಳಿದ ಹಾಗಿದೆಯೇ? ಕೇಳಿದ್ದೀರಿ! ಅದು ನಮ್ಮ ವರ್ಣಮಾಲೆಯ ಜಾಡೇ. ಬೌದ್ಧ ಮಂತ್ರಗಳ ಜೊತೆ ಭಾರತದ ಸಿದ್ಧಂ ಲಿಪಿ ಜಪಾನಿಗೆ ಹೋಯಿತು. ಅದನ್ನು ಓದಿದ ಭಿಕ್ಷುಗಳು ತಮ್ಮ ಅಕ್ಷರಗಳನ್ನೂ ಅದೇ ಕ್ರಮದಲ್ಲಿ ಜೋಡಿಸಿಕೊಂಡರು. ವಾಗದರಿಯ ಒಂದನೇ ಇಯತ್ತೆಯ ಮಗು 'ಕ'ದಿಂದ 'ವ'ದವರೆಗೆ ಹೇಳುವ ದಾರಿಯಲ್ಲೇ ಟೋಕಿಯೋದ ಮಗುವೂ ನಡೆಯುತ್ತದೆ!

ಅಷ್ಟೇ ಅಲ್ಲ. ಬೋಧಿಸೇನ ಎಂಬ ಭಾರತದ ಭಿಕ್ಷು 736ರಲ್ಲಿ ಜಪಾನು ಮುಟ್ಟಿದರು. 752ರಲ್ಲಿ ನಾರಾ ನಗರದ ಮಹಾಬುದ್ಧನ ವಿಗ್ರಹಕ್ಕೆ ಕಣ್ಣು ತೆರೆಸುವ ಗೌರವ ಸಿಕ್ಕಿದ್ದು ಅವರಿಗೇ!

ಈಗಿನ ಜಪಾನಿ ಹುಡುಗ ಹುಡುಗಿಯರು ಮೊಬೈಲಿನಲ್ಲಿ ಹೇಗೆ ಬರೆಯುತ್ತಾರೆ ನೋಡಿ. 'ಕ' ಗುಂಡಿಯನ್ನು ಮುಟ್ಟಿದರೆ ಕ. ಎಡಕ್ಕೆ ಸವರಿದರೆ ಕಿ. ಮೇಲಕ್ಕೆ ಕು. ಬಲಕ್ಕೆ ಕೆ. ಕೆಳಕ್ಕೆ ಕೊ. ಇದೇನಿದು? ಕಾಗುಣಿತ! ಹೆಬ್ಬೆರಳಲ್ಲಿ ಕಾಗುಣಿತ!

ಕಂಪ್ಯೂಟರಿನ ಮುಂದೆ ಕೂತರೆ ಮಾತ್ರ ಹೆಚ್ಚಿನವರಿಗೆ ಎ-ಬಿ-ಸಿ-ಡಿಯೇ ಬೇಕು. 'ಹಶಿ' ಅಂತ ಇಂಗ್ಲಿಷ್ ಗುಂಡಿಗಳಲ್ಲಿ ಒತ್ತುತ್ತಾರೆ. ಪರದೆಯ ಮೇಲೆ ಪಟ್ಟಿ ಬೀಳುತ್ತದೆ. ಸೇತುವೆ ಬೇಕಾ? ಊಟದ ಕಡ್ಡಿ ಬೇಕಾ? ಅಂಚು ಬೇಕಾ? ಮೂರೂ 'ಹಶಿ'ಯೇ! ಬೇಕಾದ್ದನ್ನು ಆರಿಸಿದರೆ ಸರಿ. ನಮ್ಮ ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ, ಮೇಲೆ ಬರುವ ಕನ್ನಡ ಪದಗಳಲ್ಲಿ ಒಂದನ್ನು ಮುಟ್ಟುತ್ತೀವಲ್ಲ, ಅದೇ ಆಟ!

ಈ ಆಟಕ್ಕೆ ಮೊದಲು? 1915ರಲ್ಲಿ ಸುಗಿಮೊತೊ ಕ್ಯೋತ ಎಂಬುವರು ಜಪಾನಿ ಟೈಪ್‌ರೈಟರ್ ಮಾಡಿದರು. ಅದರ ತಟ್ಟೆಯಲ್ಲಿ ಸುಮಾರು 2,400 ಅಚ್ಚಿನ ಮೊಳೆಗಳು! ಬೇಕಾದ ಅಕ್ಷರವನ್ನು ಹುಡುಕಿ, ಎತ್ತಿ, ಹೊಡೆಯಬೇಕು. ಒಂದು ಕಾಗದ ಮುಗಿಸಲು ಎಷ್ಟು ತಾಳ್ಮೆ ಬೇಕು, ನೀವೇ ಯೋಚಿಸಿ.

1978ರಲ್ಲಿ ತೋಶಿಬಾ ಕಂಪನಿ ಜಪಾನಿನ ಮೊದಲ ವರ್ಡ್ ಪ್ರೊಸೆಸರನ್ನು ತೋರಿಸಿತು. ತೂಕ ಸುಮಾರು 220 ಕಿಲೋ. ಬೆಲೆ 63 ಲಕ್ಷ ಯೆನ್. ಮೇಜಿನಷ್ಟು ದೊಡ್ಡದು! ಇವತ್ತು ಅದು ಮಾಡುತ್ತಿದ್ದ ಕೆಲಸ ನಿಮ್ಮ ಜೇಬಿನಲ್ಲಿದೆ.

ಸೊಲ್ಲಾಪುರದ ಮಗ ಡಾಕ್ಟರ್ ದ್ವಾರಕಾನಾಥ ಕೋಟ್ನಿಸ್ 1938ರಲ್ಲಿ ಗಾಯಾಳುಗಳ ಸೇವೆಗೆಂದು ಚೀನಾಕ್ಕೆ ಹೋದರಲ್ಲ, ಆ ಚೀನಾದಲ್ಲೂ ಈಗ ಹೆಚ್ಚಿನವರು ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರದಲ್ಲೇ. 1958ರಲ್ಲಿ ಬಂದ ಆ ಪದ್ಧತಿಯ ಹೆಸರು ಪಿನ್‌ಯಿನ್. ಅದನ್ನು ಕಟ್ಟಿದವರಲ್ಲಿ ಮುಖ್ಯರಾದ ಝೋ ಯೂಗ್ವಾಂಗ್ ಎಷ್ಟು ವರ್ಷ ಬದುಕಿದರು ಗೊತ್ತೇ? 111!

ಇನ್ನು ನಮ್ಮ ಕೀಬೋರ್ಡಿಗೆ ಬನ್ನಿ. ಮಂಗಳೂರಿನ ಬಳಿಯ ಕಿನ್ನಿಕಂಬಳದ ಕೆ.ಪಿ. ರಾವ್ ಒಂದು ಅದ್ಭುತ ಮಾಡಿದರು. ಕನ್ನಡದ ಅಷ್ಟೂ ಅಕ್ಷರಗಳನ್ನು ಇಂಗ್ಲಿಷಿನ 26 ಗುಂಡಿಗಳಲ್ಲೇ ಕೂರಿಸಿಬಿಟ್ಟರು. ಸದ್ದು ಹೊಂದುವ ಕಡೆ ಹೊಂದಿಸಿದರು: 'ಕೆ' ಒತ್ತಿದರೆ ಕ, 'ಎಂ' ಒತ್ತಿದರೆ ಮ. ಕನ್ನಡಕ್ಕೆ ಕೆಲಸಕ್ಕೆ ಬಾರದ ಗುಂಡಿಗಳಿಗೂ ಕೆಲಸ ಕೊಟ್ಟರು. 'ಕ್ಯೂ' ಈಗ ಟ. 'ಡಬ್ಲ್ಯೂ' ಈಗ ಡ. 'ಎಫ್' ಒತ್ತಕ್ಷರದ ಕೊಂಡಿ. 'ನುಡಿ' ತಂತ್ರಾಂಶ ಬಳಸುವವರ ಬೆರಳಿಗೆ ಇದೆಲ್ಲ ಬಾಯಿಪಾಠ!

ಅದರಲ್ಲಿ 'ಕನ್ನಡ' ಎಂದು ಬರೆಯಲು ಎಷ್ಟು ಗುಂಡಿ? ಕೆ, ಎನ್, ಎಫ್, ಎನ್, ಡಬ್ಲ್ಯೂ. ಐದೇ ಐದು! ಇಂಗ್ಲಿಷ್ ಅಕ್ಷರದಲ್ಲಿ ಬಿಡಿಸಿ ಬರೆದರೆ ಏಳು ಬೇಕು. ಕನ್ನಡವನ್ನು ಕನ್ನಡದಲ್ಲೇ ಬರೆಯುವುದು ನಿಧಾನ ಅಂತ ಯಾರಾದರೂ ಹೇಳಿದರೆ ಈ ಲೆಕ್ಕ ಹೇಳಿ!

ಕೆ.ಪಿ. ರಾಯರು ತಮ್ಮ ತಂತ್ರಾಂಶಕ್ಕೆ ಇಟ್ಟ ಹೆಸರು 'ಸೇಡಿಯಾಪು'. ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿಗೆ. ಕಂಪ್ಯೂಟರಿನೊಳಗೆ ಛಂದಸ್ಸಿನ ಪಂಡಿತರ ಹೆಸರು, ಎಷ್ಟು ಚೆಂದ!

1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ಇಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬಿಡಿಸಿ ಬರೆದರೆ ಸಾಕು, ಕನ್ನಡ ತಾನೇ ಮೂಡುತ್ತದೆ. ಕಿಟ್ಟೆಲರ ಚುಕ್ಕಿ ಇಲ್ಲಿ ದೊಡ್ಡಕ್ಷರವಾಯಿತು! ಸಣ್ಣ 'ಎಲ್' ಲ, ದೊಡ್ಡ 'ಎಲ್' ಳ. ಹಲ್ಲಿ ಹಳ್ಳಿಗಳ ಗೊಂದಲ ಒಂದೇ ಶಿಫ್ಟ್ ಗುಂಡಿಯಲ್ಲಿ ಮಾಯ! ಜಪಾನಿನಲ್ಲಿ 'ಲ' ಸದ್ದೇ ಇಲ್ಲ. ಅಲ್ಲಿ 'ಎಲ್' ಗುಂಡಿ ಏನು ಮಾಡುತ್ತದೆ? ಅಕ್ಷರವನ್ನು ಸಣ್ಣ ಗಾತ್ರಕ್ಕೆ ಇಳಿಸುತ್ತದೆ!

ಗಡಿಯಲ್ಲಿರುವವರಿಗೆ ನಾನು ಎಲ್ಲರಿಗಿಂತ ಮೊದಲು ಹೇಳಬೇಕಾದ ಗುಟ್ಟು ಇದು. ಲಿನಕ್ಸ್ ಕಂಪ್ಯೂಟರಿನ ಕೀಬೋರ್ಡ್ ಪಟ್ಟಿ ತೆರೆಯಿರಿ. ಮರಾಠಿಯ ಕೆಳಗೆ ಒಂದು ಹೆಸರು ಕಾಣುತ್ತದೆ: ಕಗಪ. ಹಿಂದಿಯ ಕೆಳಗೂ ಕಗಪ, ಸಂಸ್ಕೃತದ ಕೆಳಗೂ ಕಗಪ, ತೆಲುಗಿನ ಕೆಳಗೂ ಕಗಪ. ಏನಿದು ಕಗಪ? ಬೆಂಗಳೂರಿನ ಕನ್ನಡ ಗಣಕ ಪರಿಷತ್ತು! ಕನ್ನಡಕ್ಕೆಂದು ಹುಟ್ಟಿದ ಜೋಡಣೆಯಲ್ಲಿ ಮರಾಠಿಯನ್ನೂ ಬರೆಯಬಹುದು!

ಇನ್ನೊಂದು ಜೋಡಣೆಯೂ ಇದೆ, ಇನ್‌ಸ್ಕ್ರಿಪ್ಟ್. 1986ರಲ್ಲಿ ಕೇಂದ್ರ ಸರ್ಕಾರ ಮಾಡಿಸಿದ್ದು. ಎಡಗೈಗೆ ಸ್ವರ, ಬಲಗೈಗೆ ವ್ಯಂಜನ. ಅದರಲ್ಲಿ 'ಎಚ್' ಒತ್ತಿದರೆ ಕನ್ನಡದಲ್ಲಿ ಪ, ಮರಾಠಿಯಲ್ಲೂ ಪ. 'ಜೆ' ಒತ್ತಿದರೆ ಎರಡರಲ್ಲೂ ರ. ಒಂದು ಭಾಷೆಯಲ್ಲಿ ಕೈ ಕೂತರೆ ಸಾಕು, ಇನ್ನೊಂದು ಉಚಿತ! ಅಕ್ಕಲಕೋಟದ ಟೈಪಿಂಗ್ ಕ್ಲಾಸಿಗೆ ಇದಕ್ಕಿಂತ ಒಳ್ಳೆಯ ಉಡುಗೊರೆ ಉಂಟೇ?

ಇಷ್ಟೆಲ್ಲ ಇದ್ದರೂ ನಾವು ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಅಂಟಿಕೊಂಡದ್ದೇಕೆ? ಹಳೆಯ ಎಸ್ಸೆಮ್ಮೆಸ್ ಲೆಕ್ಕ ಕೇಳಿ. ಇಂಗ್ಲಿಷ್ ಅಕ್ಷರವಾದರೆ ಒಂದು ಸಂದೇಶಕ್ಕೆ 160. ಕನ್ನಡವಾದರೆ ಬರೀ 70! ಅದರಲ್ಲೂ ಒಂದು ಮೋಸವಿದೆ. 'ಸ್ತ್ರೀ' ನಮ್ಮ ಕಣ್ಣಿಗೆ ಒಂದೇ ಅಕ್ಷರ. ಫೋನಿಗೆ ಅದು ಆರು: ಸ, ಕೊಂಡಿ, ತ, ಕೊಂಡಿ, ರ, ದೀರ್ಘ. ಎಪ್ಪತ್ತರಲ್ಲಿ ಆರು ಒಂದೇ ಏಟಿಗೆ ಖರ್ಚು!

ಕಣ್ಣಿಗೆ ಮಾತ್ರ ಲೆಕ್ಕ ಉಲ್ಟಾ. ಸೊಲ್ಲಾಪುರದ ಸಿದ್ಧರಾಮ 12ನೇ ಶತಮಾನದ ವಚನಕಾರ. ಅವರ ಅಂಕಿತ 'ಕಪಿಲಸಿದ್ಧಮಲ್ಲಿಕಾರ್ಜುನ'. ಕನ್ನಡದಲ್ಲಿ ಎಣಿಸಿ: ಹತ್ತು ಅಕ್ಷರ. ಇಂಗ್ಲಿಷಿನಲ್ಲಿ ಎಣಿಸಿ: ಇಪ್ಪತ್ನಾಲ್ಕು!

1938ರ ಹರಿಪುರ ಕಾಂಗ್ರೆಸ್ ಅಧಿವೇಶನದಲ್ಲಿ ಅಧ್ಯಕ್ಷ ಸುಭಾಷ್‌ಚಂದ್ರ ಬೋಸರು ಒಂದು ಮಾತು ಹೇಳಿದರು. ಇಡೀ ದೇಶಕ್ಕೆ ರೋಮನ್ ಲಿಪಿಯೇ ಒಳ್ಳೆಯದು ಅಂತ! ಆಗ ಅದು ನಡೆದುಬಿಟ್ಟಿದ್ದರೆ ನೀವು ಈ ಅಂಕಣವನ್ನು ಹೇಗೆ ಓದುತ್ತಿದ್ದಿರಿ, ಊಹಿಸಿಕೊಳ್ಳಿ.

ಅದು ನಡೆಯಲಿಲ್ಲ, ಮಕ್ಕಳು ಕನ್ನಡ ಲಿಪಿಯಲ್ಲೇ ಓದುತ್ತಿದ್ದಾರೆ. ವಾಗದರಿ ಸೀಮೆಯ ಕನ್ನಡ ಶಾಲೆಯ ಪುಸ್ತಕ ಎಲ್ಲಿಂದ ಬರುತ್ತದೆ ಗೊತ್ತೇ? ಬೆಂಗಳೂರಿನಿಂದ ಅಲ್ಲ, ಪುಣೆಯಿಂದ! 1967ರಲ್ಲಿ ಶುರುವಾದ ಬಾಲಭಾರತಿ ಸಂಸ್ಥೆ ಕನ್ನಡದಲ್ಲೂ ಪಠ್ಯಪುಸ್ತಕ ಮಾಡುತ್ತದೆ. ಮಹಾರಾಷ್ಟ್ರ ಸರ್ಕಾರದ ಕನ್ನಡ!

ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆ ಶಾಲೆಯಲ್ಲಿ ಓದಿದ್ದು ಮರಾಠಿ. ಕನ್ನಡದ ಅಕ್ಷರ ಕಲಿತದ್ದು ಸ್ವಂತ ಹಂಬಲದಿಂದ. 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರು ಯಾರು? ಅವರೇ! ಆ ಪೀಠವೇರಿದ ಮೊದಲ ಮಹಿಳೆ!

ಅಕ್ಷರ ಬಚ್ಚಿಡಲೂ ಬರುತ್ತದೆ! ಜಪಾನಿನ ಕವಿ ಇಶಿಕಾವಾ ತಕುಬೊಕು 1909ರಲ್ಲಿ ತನ್ನ ದಿನಚರಿಯನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದ. ಯಾಕೆ? ಹೆಂಡತಿ ಓದಬಾರದು ಅಂತ! ಈಗ ಅದು ಜಗತ್ತೇ ಓದುವ ಪ್ರಸಿದ್ಧ ಪುಸ್ತಕ!

ಜಪಾನಿಗರು ಚಾಟ್‌ನಲ್ಲಿ ನಗುವುದು ಹೇಗೆ? 'ಡಬ್ಲ್ಯೂ ಡಬ್ಲ್ಯೂ ಡಬ್ಲ್ಯೂ'! ನಗು ಎಂಬ ಅರ್ಥದ 'ವರೌ' ಪದದ ಮೊದಲಕ್ಷರ ಅದು. ಸಾಲಾಗಿ ಬರೆದರೆ ಹುಲ್ಲು ಚಿಗುರಿದ ಹಾಗೆ ಕಾಣುತ್ತದಂತೆ. ಹಾಗಾಗಿ ಈಗ 'ಹುಲ್ಲು' ಅಂತ ಬರೆದರೂ ನಗು ಅಂತಲೇ ಅರ್ಥ!

ನಮ್ಮ ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ಓದುವುದನ್ನು ಕಂಪ್ಯೂಟರಿಗೂ ಕಲಿಸುತ್ತಿದ್ದಾರೆ. 2020ರಲ್ಲಿ ಗೂಗಲ್ ಸಂಶೋಧಕರು 'ದಕ್ಷಿಣ' ಎಂಬ ಪದಭಂಡಾರ ಹೊರತಂದರು. ದಕ್ಷಿಣ ಏಷ್ಯಾದ 12 ಭಾಷೆಗಳು, ಸ್ವಂತ ಲಿಪಿಯಲ್ಲೂ ಇಂಗ್ಲಿಷ್ ಅಕ್ಷರದಲ್ಲೂ. ಅದರಲ್ಲಿ ಕನ್ನಡವೂ ಇದೆ, ಮರಾಠಿಯೂ ಇದೆ!

ಕೊನೆಗೊಂದು ಕಚಗುಳಿ. ಹಳಗನ್ನಡದ 'ೞ' ಗೊತ್ತಲ್ಲ? ಜಗತ್ತಿನ ಎಲ್ಲ ಲಿಪಿಗಳಿಗೂ ಸಂಖ್ಯೆ ಕೊಡುವ ಯೂನಿಕೋಡ್ ಪಟ್ಟಿಯಲ್ಲಿ ಅದಕ್ಕೊಂದು ಇಂಗ್ಲಿಷ್ ಹೆಸರು ಇಡಬೇಕಾಯಿತು. ಇಟ್ಟರು. ಯಾವುದು ಗೊತ್ತೇ? 'ಫ'! 'ಎಫ್-ಎ', ಫ! ಸದ್ದಿಗೂ ಹೆಸರಿಗೂ ಸಂಬಂಧವೇ ಇಲ್ಲ. ತಪ್ಪೆಂದು ಅವರೇ ಟಿಪ್ಪಣಿ ಬರೆದಿದ್ದಾರೆ. ಆದರೆ ಒಮ್ಮೆ ಇಟ್ಟ ಹೆಸರನ್ನು ಬದಲಿಸುವಂತಿಲ್ಲ ಅನ್ನುವುದು ಯೂನಿಕೋಡಿನ ಕಟ್ಟುನಿಟ್ಟು. ಹಾಗಾಗಿ ಪಟ್ಟಿಯಲ್ಲಿ 'ೞ' ಇವತ್ತಿಗೂ ಫ!